ಗಡ್ಡೆ ಎಷ್ಟು ಕೆ.ಜಿ. ಬಂತು?

ನಮ್ಮ ಕಡೆ ಪೇಪರಿನಲ್ಲಿ ಆಪರೇಷನ್ ಸುದ್ದಿ ಅಂದರೆ ತೂಕದ ಸುದ್ದಿ. ‘ಮಹಿಳೆಯ ಹೊಟ್ಟೆಯಿಂದ 6 ಕೆ.ಜಿ. ಗಡ್ಡೆ ಹೊರಕ್ಕೆ’. ಕೆಳಗೊಂದು ಫೋಟೊ. ಹಸಿರು ಗೌನ್ ತೊಟ್ಟ ವೈದ್ಯರು, ಮುಂದೆ ಸ್ಟೀಲ್ ಟ್ರೇ, ಟ್ರೇಯಲ್ಲಿ ಗಡ್ಡೆ. ಇಷ್ಟು ದಿನ ಅದನ್ನು ಹೊತ್ತು ತಿರುಗಿದ ಹೆಂಗಸು ಮಾತ್ರ ಫೋಟೊದಲ್ಲಿಲ್ಲ.

ಮಂಡ್ಯದ ಸಂಜಯ ಸರ್ಕಲ್ ಹತ್ತಿರದ ಟೀ ಅಂಗಡಿಯಲ್ಲಿ ಇದರ ವಿಮರ್ಶೆ ನಡೆಯುತ್ತದೆ.

‘ಆರು ಕೆಜಿ ಅಂತೆ ಕಣಣ್ಣ!’

‘ಇದೇನ್ ಮಹಾ ಬುಡ್ಲಾ, ಮೈಸೂರಲ್ಲಿ ಎಂಟು ಕೆಜಿ ತೆಗುದವ್ರೆ.’

ಕಬ್ಬಿನ ಲಾರಿ ವೇಬ್ರಿಡ್ಜ್ ಮೇಲೆ ನಿಂತರೆ ನೂರು ಅನುಮಾನ ಪಡುವ ಜನ ನಾವು. ಗಡ್ಡೆಯ ತೂಕವನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತೇವೆ.

ಅಲ್ಲ, ಗಡ್ಡೆ 6 ಕೆ.ಜಿ. ಆಗುವವರೆಗೆ ಆ ತಾಯಿಗೆ ಒಂದು ಸ್ಕ್ಯಾನ್ ಸಿಗಲಿಲ್ಲ ಅನ್ನುವುದೂ ಸುದ್ದಿಯೇ ಅಲ್ವಾ? ತೆಗೆದವರು ಆಸ್ಪತ್ರೆಯವರು, ಸರಿ. ಬೆಳೆಸಿದವರಿಗೂ ಒಂದು ಶಾಲು ಹೊದಿಸಬೇಡವೇ? ವೇದಿಕೆ ಮೇಲೆ ಶಾಸಕರಿಗೂ ಅಧಿಕಾರಿಗಳಿಗೂ ಒಂದೊಂದು ಕುರ್ಚಿ ಹಾಕಬೇಕಿತ್ತು. ಅದೇ ಗಡ್ಡೆ ನಿಂಬೆಹಣ್ಣಿನಷ್ಟಿದ್ದಾಗಲೇ ಯಾವುದಾದರೂ ಊರಿನ ಡಾಕ್ಟರಮ್ಮ ಹಿಡಿದಿದ್ದರೆ ಪತ್ರಿಕಾಗೋಷ್ಠಿ ಇರುತ್ತಿರಲಿಲ್ಲ. ನಿಂಬೆಹಣ್ಣಿನ ಫೋಟೊ ಯಾರು ಹಾಕುತ್ತಾರೆ?

ಅಂದಹಾಗೆ, ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯಬಾರದು ಎಂದು 2002ರ ವೈದ್ಯಕೀಯ ನಡವಳಿಕೆಯ ನಿಯಮ ಹೇಳುತ್ತದೆ. ಅದಕ್ಕೇ ಇದು ಜಾಹೀರಾತಲ್ಲ, ಸುದ್ದಿ.

ತೂಕ ಸಿಗದಿದ್ದರೆ ಲೆಕ್ಕವಾದರೂ ಬೇಕು. ಪಿತ್ತಕೋಶದ ಕಲ್ಲುಗಳು ಆ ಕೊರತೆ ತುಂಬುತ್ತವೆ. ಗಾಜಿನ ಬಾಟಲಿಯಲ್ಲಿ ಹಾಕಿ ‘800 ಕಲ್ಲು’ ಅಂತ ಪ್ರದರ್ಶನ. ಪಾಪ, ಯಾವ ಸಿಸ್ಟರ್ ಕೂತು ಎಣಿಸಿದರೋ. ಕಲ್ಲು ಒಂದಿರಲಿ, 800 ಇರಲಿ, ಇಡೀ ಪಿತ್ತಕೋಶವನ್ನೇ ತೆಗೆಯುತ್ತಾರೆ. ಕಷ್ಟ ಇರುವುದು ಕಲ್ಲಿನ ಲೆಕ್ಕದಲ್ಲಲ್ಲ, ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳಕ್ಕೆ ತಪ್ಪಿ ಕತ್ತರಿ ಬೀಳದಂತೆ ನೋಡಿಕೊಳ್ಳುವುದರಲ್ಲಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಹೊಟ್ಟೆ ಪೂರ್ತಿ ಕುಯ್ಯದೆ, ಸಣ್ಣ ತೂತಿನಿಂದಲೇ ಪಿತ್ತಕೋಶ ತೆಗೆದರು. ಆ ವಿಧಾನ ಹಬ್ಬಿದ ಮೇಲೆ ನೋವು ಕಡಿಮೆಯಾಯಿತು, ಜನ ಬೇಗ ಮನೆಗೆ ಹೋದರು. ಆದರೆ ಶುರುವಿನ ವರ್ಷಗಳಲ್ಲಿ ಪಿತ್ತನಾಳಕ್ಕೆ ಪೆಟ್ಟು ಬೀಳುವುದು ಜಾಸ್ತಿಯಾಯಿತು. 1995ರಲ್ಲಿ ಅಮೆರಿಕದ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ ಮತ್ತು ಜೊತೆಗಾರರು ಒಂದು ಕಟ್ಟುಪಾಡು ಹೇಳಿದರು: ಪಿತ್ತಕೋಶಕ್ಕೆ ಸೇರುವ ಎರಡೇ ಎರಡು ಕೊಳವೆ ಸ್ಪಷ್ಟವಾಗಿ ಕಾಣುವವರೆಗೆ ಏನನ್ನೂ ಕತ್ತರಿಸಬೇಡಿ.

‘ಕತ್ತರಿಸಬಾರದ್ದನ್ನು ನಾವು ಕತ್ತರಿಸಲಿಲ್ಲ’ ಎಂದು ಪತ್ರಿಕಾಗೋಷ್ಠಿ ಕರೆದು ನೋಡಿ. ಮದ್ದೂರು ವಡೆ ಇಟ್ಟರೂ ಒಬ್ಬರೂ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆಂದೇ 19 ಅಂಶಗಳ ಪಟ್ಟಿ ತಂದಿತು. ರೋಗಿಯ ಹೆಸರೇನು, ಎಡಗಡೆಯೋ ಬಲಗಡೆಯೋ, ಆಂಟಿಬಯಾಟಿಕ್ ಕೊಟ್ಟಾಯಿತಾ, ಒಳಗೆ ಹೋದ ಬಟ್ಟೆ, ಸೂಜಿ ಎಲ್ಲ ವಾಪಸ್ ಬಂತಾ, ಇಂಥವು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದರು. ಸಾವಿನ ಪ್ರಮಾಣ ಶೇ 1.5 ಇದ್ದದ್ದು ಶೇ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಖರ್ಚು ಹೆಚ್ಚೆಂದರೆ ಒಂದು ಹಾಳೆ, ಒಂದು ಪೆನ್ನು. ಇಂಥದ್ದಕ್ಕೆ ಫ್ಲೆಕ್ಸ್ ಹಾಕಿಸಿದರೆ ಮರ್ಯಾದೆ ಏನು ಉಳಿಯುತ್ತದೆ ಹೇಳಿ. ‘ಇಲ್ಲಿ ಬಟ್ಟೆ ಎಣಿಸಲಾಗುತ್ತದೆ’ ಅಂತ ಬರೆದರೆ ಲಾಂಡ್ರಿ ಅಂದುಕೊಂಡಾರು.

ಇನ್ನು ‘ಯಶಸ್ವಿ’ ಅನ್ನುವ ಘೋಷಣೆ. ಆಪರೇಷನ್ ಆದ ಮೂರನೇ ದಿನಕ್ಕೇ ಅದು ಮುಗಿದಿರುತ್ತದೆ. ಗಾಯದಲ್ಲಿ ಕೀವಾಯಿತೇ ಎಂದು ಸಾಮಾನ್ಯವಾಗಿ 30 ದಿನ ನೋಡಬೇಕು. ಒಳಗೆ ರಾಡು, ಪ್ಲೇಟು ಇಟ್ಟಿದ್ದರೆ 90 ದಿನ. ಅಷ್ಟು ಹೊತ್ತಿಗೆ ಆ ಪೇಪರಿನಲ್ಲಿ ಯಾರೋ ಬೋಂಡಾ ಕಟ್ಟಿರುತ್ತಾರೆ.

ಬಾಸ್ಟನ್‌ನಲ್ಲಿ ಎರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್ ಇದ್ದರು. ಪ್ರತಿ ರೋಗಿಯೂ ಆಮೇಲೆ ಏನಾದ ಎಂದು ಹಿಂದೆ ಬಿದ್ದು ವಿಚಾರಿಸಬೇಕು ಅನ್ನುವ ಹುಚ್ಚು ಅವರಿಗೆ. 1911ರಲ್ಲಿ ಸ್ವಂತ ಆಸ್ಪತ್ರೆ ತೆರೆದರು. ಐದು ವರ್ಷದಲ್ಲಿ ಮನೆಗೆ ಹೋದ 337 ರೋಗಿಗಳ ಪೈಕಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿದರು! ಜೊತೆಯ ವೈದ್ಯರು ಅವರನ್ನು ದೂರ ಇಟ್ಟರು. ನಮ್ಮಲ್ಲಾಗಿದ್ದರೆ ಮನೆಯವರೇ ಹಿಡಿದು ನಿಮ್ಹಾನ್ಸ್‌ಗೆ ತೋರಿಸುತ್ತಿದ್ದರು. ‘ನಮ್ಮಲ್ಲಿ ಇಷ್ಟು ಕೇಸ್ ಕೆಟ್ಟಿವೆ, ಕಾರಣ ಇವು’ ಎಂದು ಬರೆದ ಒಂದೇ ಒಂದು ಬೋರ್ಡನ್ನು ಮಂಡ್ಯದಿಂದ ಮೈಸೂರಿನವರೆಗೆ ನಾನಂತೂ ಕಂಡಿಲ್ಲ. ‘ರಕ್ತವಿಲ್ಲ, ನೋವಿಲ್ಲ, ಹೊಲಿಗೆಯಿಲ್ಲ’ ಅನ್ನುವವು ಬೇಕಾದಷ್ಟಿವೆ.

ಬೇಕಿದ್ದರೆ ಯಾವುದಾದರೂ ದೊಡ್ಡ ಕೌಂಟರಿನಲ್ಲಿ ಕೇಳಿ ನೋಡಿ. ‘ಮೇಡಂ, ಇಲ್ಲಿ ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಎಷ್ಟು ಜನ ತಿಂಗಳೊಳಗೆ ವಾಪಸ್ ಬಂದರು?’

ಆಕೆ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳುತ್ತಾರೆ: ‘ವಾಪಸ್ ಬರೋರಿಗೆ ಹಳೇ ಫೈಲ್ ನಡೆಯುತ್ತೆ ಸರ್. ಹೊಸ ಕಾರ್ಡ್ ಮಾಡಿಸೋದು ಬೇಡ.’