ಆಕ್ಷೇಪ ಇದ್ದವರು ಕೈ ಎತ್ತಿ

ವಿಶ್ವಸಂಸ್ಥೆಯ ಮಹಿಳಾ ಸ್ಥಾನಮಾನ ಆಯೋಗದ ಅಧ್ಯಕ್ಷಗಿರಿ ಸೌದಿ ಅರೇಬಿಯಾಕ್ಕೆ ಸಿಕ್ಕಿದ್ದು ನೆನಪಿದೆ ಅಲ್ವಾ? 2024ರ ಮಾರ್ಚ್. 45 ಸದಸ್ಯ ದೇಶಗಳ ಆಯೋಗ. ‘ಯಾರದ್ದಾದರೂ ಆಕ್ಷೇಪ ಇದೆಯಾ?’ ಅಂತ ಕೇಳಿದರು. ಒಬ್ಬರೂ ಕೆಮ್ಮಲಿಲ್ಲ. ಅವಿರೋಧ ಆಯ್ಕೆ.

ನನಗಂತೂ ಖುಷಿಯೇ ಆಯಿತು. ಆ ಕುರ್ಚಿಗೆ ಅನುಭವಸ್ಥರು ಬೇಕಲ್ಲ. 2017ರಲ್ಲೇ ಅಲ್ಲಿನ ಕಸೀಮ್ ಪ್ರಾಂತ್ಯದಲ್ಲಿ ಹೆಣ್ಣುಮಕ್ಕಳ ಮಂಡಳಿ ಶುರುವಾಗಿತ್ತು. ಉದ್ಘಾಟನೆಯ ಫೋಟೊ ಹುಡುಕಿ ನೋಡಿ. ವೇದಿಕೆ ಮೇಲೆ ಸಾಲಾಗಿ 13 ಗಂಡಸರು. ಹೆಂಗಸರು ಎಲ್ಲಿ ಅಂದರೆ, ಬೇರೆ ಕೋಣೆಯಲ್ಲಿ, ವಿಡಿಯೊ ಸಂಪರ್ಕದಲ್ಲಿ. ಸರಿ ಬಿಡಿ, ಕೋಳಿ ಕೇಳಿ ಯಾರಾದರೂ ಮಸಾಲೆ ಅರೀತಾರಾ?

ಆಮೇಲೆ ಬಂತು ಎಸ್ಸೆಮ್ಮೆಸ್. ಗಂಡ ಸದ್ದಿಲ್ಲದೆ ತಲಾಖ್ ಕೊಟ್ಟು, ಹೆಂಡತಿಗೆ ಅದು ಗೊತ್ತೇ ಆಗದ ಪ್ರಸಂಗಗಳು ಅಲ್ಲಿದ್ದವು. 2019ರ ಜನವರಿಯಿಂದ ಕೋರ್ಟೇ ಆಕೆಯ ಮೊಬೈಲಿಗೆ ಸಂದೇಶ ಕಳಿಸತೊಡಗಿತು. ಟಿಣ್ ಅಂತ ಸದ್ದು. ರೀಚಾರ್ಜ್ ಮುಗೀತೇನೋ ಅಂತ ನೋಡಿದರೆ, ಮುಗಿದದ್ದು ಮದುವೆ! ನಗಬೇಡಿ, ಇದೂ ಸುಧಾರಣೆಯೇ. ಕೈಯಲ್ಲೊಂದು ಪುರಾವೆ ಇದ್ದರೆ ಜೀವನಾಂಶವಾದರೂ ಕೇಳಬಹುದು. ಹೇಳುವ ಮುಂಚೆ ಅವಳನ್ನು ಒಂದು ಮಾತು ಕೇಳಬಹುದಿತ್ತಲ್ಲ ಎನ್ನುವುದು ಮಾತ್ರ ದುರಾಸೆ.

2022ರಲ್ಲಿ ಲಿಖಿತ ಕೌಟುಂಬಿಕ ಕಾನೂನೂ ಬಂತು. ಯಾವತ್ತು ಗೊತ್ತಾ? ಮಾರ್ಚ್ 8, ಮಹಿಳಾ ದಿನ! ಉಡುಗೊರೆ ಬಿಚ್ಚಿ ನೋಡಿದರೆ ಒಳಗೆ ಏನಿದೆ? ಹೆಣ್ಣಿನ ಮದುವೆಗೆ ಗಂಡು ‘ವಲಿ’, ಅಂದರೆ ಅವಳ ಪರವಾಗಿ ಒಪ್ಪಿಗೆ ಕೊಡುವ ಪೋಷಕ, ಬೇಕೇ ಬೇಕು. ಸರಿಯಾದ ಕಾರಣವಿಲ್ಲದೆ ಗಂಡನ ಜೊತೆ ಪ್ರಯಾಣಕ್ಕೆ ಒಲ್ಲೆ ಎಂದರೆ ಗಂಡನಿಂದ ಖರ್ಚಿಗೆ ಪಡೆಯುವ ಅವಳ ಹಕ್ಕಿಗೆ ಕತ್ತರಿ.

ಇದೆಲ್ಲ ಧರ್ಮದ ವಿಷಯ, ಕೈ ಹಾಕಬೇಡಿ ಅಂತಾರೆ. ಟುನೀಶಿಯಾ 1956ರಲ್ಲೇ ಬಹುಪತ್ನಿತ್ವ ನಿಷೇಧಿಸಿ, ತಲಾಖನ್ನು ಕೋರ್ಟಿನ ಕಟಕಟೆಗೆ ತಂದಿತು. ಅಲ್ಲೂ ಇರುವುದು ಅದೇ ಕುರಾನ್. ಮೊರಾಕ್ಕೊದ ಹೆಂಗಸರು ಕೌಟುಂಬಿಕ ಕಾನೂನು ಬದಲಿಸಿ ಅಂತ 1992ರಲ್ಲಿ ಹತ್ತು ಲಕ್ಷ ಸಹಿ ಸಂಗ್ರಹಿಸಿದರು. ದೊಡ್ಡ ಬದಲಾವಣೆ ಬಂದಿದ್ದು 2004ರಲ್ಲಿ. ಇರಾಕ್ ಬೇರೆಯೇ ದಾರಿ ಹಿಡಿಯಿತು. 1959ರ ಒಳ್ಳೆಯ ಕಾನೂನಿಗೆ 2025ರಲ್ಲಿ ತಿದ್ದುಪಡಿ ತಂದು, ಧಾರ್ಮಿಕ ಪಂಥದ ನಿಯಮಗಳನ್ನು ಒಳಗೆ ಬಿಟ್ಟುಕೊಂಡಿತು. ಗಾಡಿ ಮುಂದೆ ಹೋಗಲೇಬೇಕು ಅಂತ ಎಲ್ಲಿದೆ? ರಿವರ್ಸ್ ಗೇರ್ ಕೊಟ್ಟಿರುವುದು ಸುಮ್ನೆನಾ?

ಗಾಡಿ ಅಂದಾಗ ನೆನಪಾಯಿತು. ಇಲ್ಲಿ ತಮಾಷೆ ಮಾಡಲು ನನಗೆ ಮನಸ್ಸು ಬರುತ್ತಿಲ್ಲ. 2018ರ ಜೂನ್‌ನಲ್ಲಿ ಸೌದಿ ಹೆಂಗಸರಿಗೆ ಕಾರು ಓಡಿಸುವ ಅವಕಾಶ ಸಿಕ್ಕಿತು. ಆ ಹಕ್ಕನ್ನು ವರ್ಷಗಟ್ಟಲೆ ಕೇಳಿದವರನ್ನು ಅದಕ್ಕೂ ಒಂದು ತಿಂಗಳ ಮುಂಚೆ, ಮೇನಲ್ಲೇ, ಹಿಡಿದು ಒಳಗೆ ಹಾಕಿದ್ದರು. ಅವರಲ್ಲೊಬ್ಬರು ಲುಜೈನ್ ಅಲ್ ಹತ್‌ಲೂಲ್. ಒಳಗಿದ್ದದ್ದು 1,001 ದಿನ. ಅವರು ಜೈಲಿನಲ್ಲಿರುವಾಗಲೇ ಇನ್ನೊಂದು ಸುಧಾರಣೆ ಬಂತು: 21 ದಾಟಿದ ಹೆಣ್ಣು ಗಂಡಸಿನ ಅಪ್ಪಣೆ ಇಲ್ಲದೆ ಪಾಸ್‌ಪೋರ್ಟ್ ಪಡೆದು ದೇಶ ದಾಟಬಹುದು. 2021ರಲ್ಲಿ ಲುಜೈನ್ ಹೊರಬಂದರು. ದೇಶ ಬಿಟ್ಟು ಹೋಗುವಂತಿಲ್ಲ ಎಂಬ ಆದೇಶದ ಸಮೇತ.