ಲಕ್ಷದ್ವೀಪದಲ್ಲಿ ನೆಲೆಸುವ ಕುರಿತ ಸಂದೇಶ: ಒಂದು ಸ್ಪಷ್ಟನೆ

‘ಲಕ್ಷದ್ವೀಪಕ್ಕೆ ಇನ್ನು ಅನುಮತಿ ಪತ್ರ ಬೇಡ, ಕಡಲಂಚಿನಲ್ಲಿ ಜಾಗ ಕೊಂಡು ಯಾರು ಬೇಕಾದರೂ ನೆಲೆಸಬಹುದು’ ಎಂಬ ಸಂದೇಶವನ್ನು ಕಳೆದ ವಾರ ನಾನೂ ಹಂಚಿಕೊಂಡಿದ್ದೆ. ಅದು ತಪ್ಪು. ದಯವಿಟ್ಟು ಕ್ಷಮಿಸಿ.

ದ್ವೀಪದವರಲ್ಲದ ಭಾರತೀಯರು ಅಲ್ಲಿಗೆ ಹೋಗಲು, ಉಳಿಯಲು ಅನುಮತಿ ಪತ್ರ ಬೇಕು. ಇದಕ್ಕೆ ಆಧಾರ 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳು. ಅಲ್ಲಿನ ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದವರು. ಅವರ ಜಮೀನು ಹೊರಗಿನವರ ಕೈಸೇರದಂತೆ 1965ರ ಭೂಕಂದಾಯ ನಿಯಮಾವಳಿ ಕಾಯುತ್ತದೆ. ಒಟ್ಟು ನೆಲವೇ ಸುಮಾರು 32 ಚದರ ಕಿಲೋಮೀಟರ್, ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ಈ ಕಾವಲು ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಸಂದೇಶದಲ್ಲಿದ್ದ ‘ಖರ್ಚಿಲ್ಲದ ಬದುಕು’ ಎಂಬ ಮಾತೂ ನಿಜವಲ್ಲ. ಅಲ್ಲಿ ನದಿಯಿಲ್ಲ. ಮರಳಿನಡಿ ಉಪ್ಪುನೀರಿನ ಮೇಲೆ ಮಳೆನೀರು ತೆಳುವಾದ ಪದರವಾಗಿ ತೇಲುತ್ತದೆ. ಬಾವಿಯಿಂದ ಅತಿಯಾಗಿ ಎತ್ತಿದರೆ ಉಪ್ಪು ಮೇಲೇರುತ್ತದೆ. ರಾಜಧಾನಿ ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಬಂದದ್ದು ಕುಡಿಯುವ ನೀರಿನ ಈ ಕೊರತೆಗಾಗಿಯೇ. ಅಕ್ಕಿ, ತರಕಾರಿ ಬರುವುದು ಹಡಗಿನಲ್ಲಿ. ಮಂಗಳೂರಿನ ಹಳೆ ಬಂದರಿನಲ್ಲಿ ನಿಂತರೆ ಈರುಳ್ಳಿ ಮೂಟೆ, ಜಲ್ಲಿ, ಸಿಮೆಂಟು ಮಂಜಿ ಎಂಬ ಸರಕು ದೋಣಿಗಳಿಗೆ ಏರುವುದನ್ನು ನೀವೇ ನೋಡಬಹುದು. ಮಳೆಗಾಲದಲ್ಲಿ ಆ ಮಂಜಿಗಳೂ ನಿಲ್ಲುತ್ತವೆ.

ಶಿಕ್ಷಕರೋ ದಾದಿಯರೋ ಆಗಿ ನೌಕರಿಗೆಂದು ಹೋಗುವವರ ದಾರಿ ಬೇರೆ. ಅವರಲ್ಲಿ ಸರ್ಕಾರಿ ನೌಕರರಿಗೆ ಅನುಮತಿ ಪತ್ರದಿಂದ ವಿನಾಯಿತಿ ಇದೆ; ಉಳಿದವರಿಗೆ ಬೇಕು. ಜಾಗಕ್ಕೆಂದು ಯಾರಿಗಾದರೂ ಮುಂಗಡ ಕೊಡುವ ಮುನ್ನ ಲಕ್ಷದ್ವೀಪ ಆಡಳಿತದ ಅಧಿಕೃತ ಜಾಲತಾಣ ನೋಡಿ. ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ; ನನ್ನಿಂದ ಪಡೆದವರು ಅಳಿಸಿಬಿಡಿ.