ಹಾಲಿನ ದುಡ್ಡಲ್ಲೇ ನಮ್ಮನೆ ನಡೆದಿದ್ದು

ದೇಶದ ಆದಾಯದಲ್ಲಿ ಪಶುಸಂಗೋಪನೆ ಪಾಲು ಶೇಕಡಾ 5ರ ಆಸುಪಾಸು ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಿ, ಸರಿ, ಆದ್ರೆ ಅದನ್ನ ಸಣ್ಣದು ಅನ್ಕೋಬೇಡಿ ಸರ್. ನಮ್ ಕೋಲಾರದ ಕಡೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಟೊಮೆಟೊ ರೇಟ್ ಬಿದ್ರೆ ರಸ್ತೆಗೆ ಸುರಿಯೋದೇ, ಅಂಥಾ ವರ್ಷದಲ್ಲೂ ಮನೆಗೆ ದುಡ್ಡು ಬಂದಿದ್ದು ಹಾಲಿಂದ. ಅಮ್ಮ ಬೆಳಗ್ಗೆ 5ಕ್ಕೆ ಎದ್ದು ಎರಡು ಸೀಮೆಹಸು ಕರೆದು ಕ್ಯಾನ್ ಎತ್ಕೊಂಡು ಡೈರಿಗೆ ಹೋಗೋರು, ಹಾಲಿನ ಫ್ಯಾಟ್ (ಕೊಬ್ಬಿನಂಶ) ನೋಡಿ ಅಲ್ಲಿ ಕೊಟ್ಟ ಚೀಟಿಗಳನ್ನ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡೋರು, ನನ್ನ ಡಿಪ್ಲೊಮಾ ಫೀಸ್ ಕಟ್ಟಿದ್ದು ಆ ಹಾಲಿನ ದುಡ್ಡಲ್ಲೇ. 1998ರಿಂದ ಹಾಲಲ್ಲಿ ಭಾರತ ನಂಬರ್ ಒನ್ ಅಂತೀವಲ್ಲ, ಅದು ಇಂಥ ಒಂದೆರಡು ಹಸು ಇರೋ ಮನೆಗಳಿಂದಾನೇ. ಈಗ ಹಿಂಡಿ ಬೂಸಾ ರೇಟ್ ಏರ್ತಾನೇ ಇದೆ, ರಾಜ್ಯ ಸರ್ಕಾರ ಲೀಟರಿಗೆ ಕೊಡೋ 5 ರೂಪಾಯಿ ಪ್ರೋತ್ಸಾಹಧನಾನೂ ತಡ ಆದ್ರೆ ಜನ ಹಸು ಮಾರ್ದೆ ಇನ್ನೇನ್ ಮಾಡ್ತಾರೆ?